ಪರೀಕ್ಷೆ ಮುಗಿಯುವ ತನಕ

ಎಮರಿವಿಲ್ಲಿನ ಕನ್ನಡದವರಲ್ಲಿ ಶೈಲಜಾಳ ಕೈಯಿಂದ ತಪ್ಪಿಸಿಕೊಂಡವರು ಕಡಿಮೆ. ಯಾರಿಗಾದರೂ ಜ್ವರವೆಂದರೆ ತಿಳಿಸಾರು ಹೋಗುತ್ತಿತ್ತು, ಯಾರದೋ ಸೊಸೆ ಬಸುರಿಯೆಂದರೆ ಗೊಜ್ಜು ಹೋಗುತ್ತಿತ್ತು, ಯಾರಿಗೂ ಏನೂ ಆಗಿಲ್ಲವೆಂದರೆ ಹೀಗೇ ಇರಲಿ ಅಂತ ಪುಳಿಯೋಗರೆ. ಮೈಸೂರು ಬಿಟ್ಟು ಮೂವತ್ತು ವರ್ಷ, ಅದರಲ್ಲಿ ಇಪ್ಪತ್ತು ವರ್ಷ ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿದ ಹೆಂಗಸು. ಇನ್ನೊಬ್ಬರಿಗೆ ಯಾವುದು ಒಳ್ಳೆಯದು ಅನ್ನುವುದು ಅವರಿಗಿಂತ ಮೊದಲು ತನಗೆ ತಿಳಿಯುತ್ತದೆ ಎಂದು ಗಟ್ಟಿಯಾಗಿ ನಂಬಿದ್ದಳು. ಗಂಡ ಜಗನ್ನಾಥ ನಕ್ಕು ಸುಮ್ಮನಾಗುತ್ತಿದ್ದ. ಮಗ ಯಶಸ್ ಸಿಯಾಟಲ್‌ಗೆ ಹೋಗಿದ್ದು ಬರೀ ಕೆಲಸಕ್ಕಾಗಿ ಎಂದು ನಾವು ನಂಬೋಣ.

ಅವನ ಕೋಣೆ ಖಾಲಿಯಾದ ವರ್ಷವೇ ದೀಪಾಲಿ ಬಂದಳು. ವಿಜಯಪುರದ ಹುಡುಗಿ, ಬರ್ಕ್ಲಿಯಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಬಾಡಿಗೆಗೆ ರೂಮು ಸಿಗುವ ತನಕ ಹದಿನೈದು ದಿನ ಇಟ್ಟುಕೊಳ್ಳಿ ಎಂದು ಪರಿಚಯದವರು ಕೇಳಿದ್ದರು. ಹದಿನೈದು ದಿನ ಎರಡು ವರ್ಷವಾಯಿತು. ಅವಳು ತಂದ ಶೇಂಗಾ ಚಟ್ನಿಪುಡಿಯನ್ನು ಜಗನ್ನಾಥ ಉಪ್ಪಿಟ್ಟಿನ ಮೇಲೂ ಉದುರಿಸಿಕೊಳ್ಳಲು ಕಲಿತ. ಅವಳು ಸಂಜೆ ಬಸ್ಸಿಳಿದು ಬರುವುದು ಐದು ನಿಮಿಷ ತಡವಾದರೆ ಶೈಲಜಾ ಕಿಟಕಿಗೆ ಅಂಟಿಕೊಂಡು ನಿಲ್ಲುತ್ತಿದ್ದಳು.

ದೀಪಾಲಿಯ ಅಪ್ಪ ಶಿವಶರಣ ಸರ್ಕಾರಿ ಬಸ್ಸಿನ ಕಂಡಕ್ಟರು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು, ಅವನು ಫೋನ್ ಮಾಡಿದರೆ ಸ್ಪೀಕರಿಗೆ ಹಾಕುವ ಅಗತ್ಯವಿರಲಿಲ್ಲ. ಮಗಳನ್ನು ನಿಮ್ಮ ಉಡಿಯಲ್ಲಿ ಹಾಕಿದ್ದೇನೆ ಎಂದು ಪ್ರತಿ ಭಾನುವಾರ ಶೈಲಜಾಳಿಗೆ ತಪ್ಪದೆ ಹೇಳುತ್ತಿದ್ದ. ಮಗಳಿಗೆ ಯಾವ ಪರೀಕ್ಷೆ ಇದ್ದರೂ ಹೊಸಿಲು ದಾಟುವ ಮುನ್ನ ಅವನಿಗೆ ಫೋನಾಗಬೇಕು, ಅವನು ಬಸ್ಸು ಬಿಡಿಸುವ ಧಾಟಿಯಲ್ಲೇ "ರೈಟ್ ರೈಟ್" ಅನ್ನಬೇಕು. ಅಲ್ಲಿಯ ತನಕ ಹುಡುಗಿ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಈ ಏಪ್ರಿಲ್ಲಿನ ಗುರುವಾರ ಅವಳ ದೊಡ್ಡ ಪರೀಕ್ಷೆ. ನಾಲ್ವರು ಪ್ರೊಫೆಸರರ ಮುಂದೆ ನಿಂತು ಉತ್ತರ ಹೇಳಬೇಕು. ಗೆದ್ದರೆ ಮುಂದಿನ ಓದು, ಸೋತರೆ ಎರಡು ವರ್ಷದ ದುಡಿಮೆ ನೀರಿಗೆ. ಆ ವಾರದ ಸೋಮವಾರ ಬೆಳಿಗ್ಗೆ ಶಿವಶರಣನ ತಮ್ಮ ಅಪ್ಪಾಸಾಹೇಬ ಶೈಲಜಾಳಿಗೆ ಫೋನ್ ಮಾಡಿದ. ಅಣ್ಣನಿಗೆ ಡ್ಯೂಟಿಯಲ್ಲೇ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದಾರೆ, ಪ್ರಜ್ಞೆ ಇಲ್ಲ, ಹುಡುಗಿಗೆ ಪರೀಕ್ಷೆ ಮುಗಿಯುವ ತನಕ ತಿಳಿಯಬಾರದು, ಮನೆಯವರೆಲ್ಲ ಕೂತು ಹೀಗೆಂದು ತೀರ್ಮಾನಿಸಿದ್ದಾರೆ. ನಮ್ಮ ಜನರ ಪದ್ಧತಿಯೇ ಇದು, ಕೆಟ್ಟ ಸುದ್ದಿ ಯಾರಿಗೆ ಸೇರಬೇಕೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಮೊದಲು ತಿಳಿಯುತ್ತದೆ. ಶೈಲಜಾ ಒಂದು ಕ್ಷಣವೂ ಯೋಚಿಸದೆ ಒಪ್ಪಿದಳು. ಜಗನ್ನಾಥ ಮಾತ್ರ ಕಾಫಿ ಲೋಟ ಕೆಳಗಿಟ್ಟು, ಇವತ್ತೇ ಹೊರಟರೆ ಬುಧವಾರ ಸಂಜೆಗೆ ಊರು ಮುಟ್ಟುತ್ತಾಳಲ್ಲ ಎಂದ. ನಿಮಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಆಕೆ ಅವನ ಬಾಯಿ ಮುಚ್ಚಿಸಿದಳು.

ಬುಧವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಫೋನು. ದೀಪಾಲಿ ಮಹಡಿಯ ಮೇಲೆ ಗೋಡೆಯನ್ನೇ ಪ್ರೊಫೆಸರು ಮಾಡಿಕೊಂಡು ಉತ್ತರ ಒಪ್ಪಿಸುತ್ತಿದ್ದಳು. ಅಪ್ಪಾಸಾಹೇಬನ ದನಿ ಸೋಮವಾರದಷ್ಟು ಗಟ್ಟಿಯಾಗಿರಲಿಲ್ಲ.

"ಅಕ್ಕಾರ, ಅಣ್ಣಗ ಸ್ವಲ್ಪ ಮಾತು ಬಂದಾವ್ರಿ. ದೀಪಾ ಎಲ್ಲಿ, ದೀಪಾ ಎಲ್ಲಿ ಅಂತ ಕೇಳಾಕತ್ತಾನ. ಒಂದ ಮಾತ ಆಡಸೂಣೇನ್ರಿ?"

ಮಹಡಿಗೆ ಹದಿನಾಲ್ಕು ಮೆಟ್ಟಿಲು. ಶೈಲಜಾ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದು ನಿಜ. ಮೇಲಿನಿಂದ ಹುಡುಗಿಯ ದನಿ ತಡವರಿಸದೆ ಹರಿದು ಬರುತ್ತಿತ್ತು, ಅದನ್ನು ಕೇಳಿ ಆಕೆ ಕಾಲು ಹಿಂದಕ್ಕೆ ತೆಗೆದಳು.

"ಈಗ ಅಪ್ಪನ ದನಿ ಕೇಳಿದ್ರೆ ಅವಳು ಪರೀಕ್ಷೆಗೇ ಹೋಗಲ್ಲ. ನಾಳೆ ಒಂದು ಗಂಟೆಗೆ ಮುಗಿಯುತ್ತೆ, ಮುಗಿದ ತಕ್ಷಣ ನಾನೇ ಮಾತಾಡಿಸ್ತೀನಿ. ಒಂದೇ ಒಂದು ದಿನ ತಡೀರಿ."

ಶಿವಶರಣ ಆ ಒಂದು ದಿನ ತಡೆಯಲಿಲ್ಲ. ಗುರುವಾರ ಇಲ್ಲಿ ಬೆಳಕು ಹರಿಯುವ ಹೊತ್ತಿಗೆ, ಅಲ್ಲಿ ಸಂಜೆ, ಹೋಗಿಬಿಟ್ಟ. ಶೈಲಜಾ ಸುದ್ದಿ ಓದಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರವೆ ಹುರಿಯಲು ನಿಂತಳು. ರವೆ ಸೀದುಹೋಯಿತು. ಎಂಟಕ್ಕೆ ದೀಪಾಲಿ ಹಣೆಗೆ ವಿಭೂತಿ ಹಚ್ಚಿಕೊಂಡು ಇಳಿದು ಬಂದಳು, ಬಾಗಿಲಲ್ಲಿ ನಿಂತು ಮೂರು ಸಲ ಅಪ್ಪನಿಗೆ ಫೋನ್ ಮಾಡಿದಳು. ಡ್ಯೂಟಿ ಮೇಲೆ ಇರಬೇಕು ಎಂದು ಶೈಲಜಾ ಒಲೆಯ ಕಡೆ ಮುಖ ಮಾಡಿ ಹೇಳಿದಳು.

"ಎತ್ತವಲ್ಲ ಆಂಟಿ. ನೀವರೆ ಅನ್ರಿ."

ಆಕೆ ಒಲೆ ಆರಿಸಿದಳು. ತಿರುಗಿ ನಗುತ್ತಾ "ರೈಟ್ ರೈಟ್" ಅಂದಳು. ಸತ್ತವನ ಮಾತನ್ನು ಅವನ ಮಗಳಿಗೇ ಹೇಳಿ ಕಳಿಸಿದ ಈ ಪಾಪವನ್ನು ಶೈಲಜಾ ಇಂದಿಗೂ ಗಂಡನ ಹತ್ತಿರ ಆಡಿಲ್ಲ.

ಪರೀಕ್ಷೆಯಲ್ಲಿ ದೀಪಾಲಿ ಗೆದ್ದಳು. ನಾಲ್ವರೂ ಎದ್ದು ನಿಂತು ಕೈಕುಲುಕಿದರಂತೆ. ಕೇಕಿನ ಡಬ್ಬಿ ಹಿಡಿದು ಮನೆಗೆ ಬಂದವಳನ್ನು ಸೋಫಾದ ಮೇಲೆ ಕೂರಿಸಿ, ಎರಡೂ ಕೈ ಹಿಡಿದು ಶೈಲಜಾ ಸುದ್ದಿ ಹೇಳಿದಳು. ಹುಡುಗಿ ಅಳಲಿಲ್ಲ. ಯಾವಾಗ, ಎಲ್ಲಿ, ಯಾರಿಗೆ ಗೊತ್ತಿತ್ತು, ಒಂದೊಂದಾಗಿ ಕೇಳಿದಳು. ಅಲ್ಲಿ ಬೆಳಗಾಗುತ್ತಲೇ ಮಣ್ಣಂತೆ, ಇವಳಿಗಾಗಿ ಕಾಯುವುದಿಲ್ಲವಂತೆ. ಕೊನೆಗೆ, "ನಿನ್ನೆ ಅಪ್ಪಗ ಮಾತು ಬರ್ತಿದ್ವೇನ್ರಿ?" ಎಂದಳು.

ಜಗನ್ನಾಥ ಹೆಂಡತಿಯ ಮುಖ ನೋಡಿದ. ಪ್ರಜ್ಞೆ ಇರಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು, ಅಪ್ಪಾಸಾಹೇಬನೂ ಹೂಂಗುಟ್ಟುತ್ತಿದ್ದ. ಆದರೆ ನಾಲ್ಕು ದಿನ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಸುಳ್ಳು ಬರಲಿಲ್ಲ.

"ಬರ್ತಿತ್ತು ಕಣಮ್ಮ. ನಿನ್ನನ್ನೇ ಕೇಳ್ತಿದ್ರು. ನಾನೇ ಬೇಡ ಅಂದೆ."

ಹೇಳಿದ ಮೇಲೆ ಸುಮ್ಮನಿರಲಾಗದೆ, ನಮ್ಮಮ್ಮ ಹೋದಾಗಲೂ ಹೀಗೇ ಎಂದು ಶುರುಮಾಡಿದಳು. ಯಶಸ್ ಹೊಟ್ಟೆಯಲ್ಲಿದ್ದಾಗ ಮೈಸೂರಿನಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಬಸುರಿಗೆ ಆಘಾತವಾಗಬಾರದೆಂದು ಅಣ್ಣ ವೈಕುಂಠ ಸಮಾರಾಧನೆಯೆಲ್ಲ ಮುಗಿಸಿ ಹದಿನಾಲ್ಕನೆಯ ದಿನ ತಿಳಿಸಿದ್ದ. ಅಷ್ಟು ದಿನವೂ ಅವಳು ಅಮ್ಮನಿಗೆ ಕಾಗದ ಬರೆಯುತ್ತಲೇ ಇದ್ದಳು.

ದೀಪಾಲಿ ತನ್ನ ಕೈ ಬಿಡಿಸಿಕೊಂಡಳು. "ಆ ಕತಿ ನೀವು ನನಗ ಮೂರ ಸಲ ಹೇಳೀರಿ, ಆಂಟಿ. ಅಣ್ಣ ಚಲೋ ಮಾಡಿದ ಅಂತೀರಿ, ಮೂರೂ ಸಲ ಅತ್ತೀರಿ. ಬ್ಯಾರೆ ಯಾರಿಗೆ ಇಲ್ಲದಿದ್ರೂ ನಿಮಗ ಗೊತ್ತಿತ್ತಲ್ರಿ."

ಇಪ್ಪತ್ತೇಳು ವರ್ಷ ಅಣ್ಣ ಮಾಡಿದ್ದು ಸರಿ ಎಂದು ಊರೆಲ್ಲ ಹೇಳಿಕೊಂಡು ಬಂದ ಶೈಲಜಾ, ಅದು ಸರಿಯಲ್ಲ ಎಂದು ತನಗೆ ಅಂದೇ ಗೊತ್ತಿತ್ತು ಅನ್ನುವುದನ್ನು ಈಗ ಒಪ್ಪಲೇಬೇಕಾಗಿತ್ತು.

ದೀಪಾಲಿ ಮರುದಿನ ಊರಿಗೆ ಹೋದಳು. ತಿಂಗಳ ಮೇಲೆ ತಿರುಗಿ ಬಂದವಳು ಬರ್ಕ್ಲಿಯಲ್ಲಿ ಗೆಳತಿಯರ ಅಪಾರ್ಟ್‌ಮೆಂಟಿನಲ್ಲಿ ಇಳಿದುಕೊಂಡಳು, ಒಂದು ಶನಿವಾರ ತನ್ನ ಪುಸ್ತಕ ಬಟ್ಟೆ ಒಯ್ಯಲು ಎಮರಿವಿಲ್ಲಿಗೆ ಬಂದಳು. ಸಿಟ್ಟಿನ ಒಂದು ಮಾತಿಲ್ಲ. ಊಟ ಮಾಡಿದಳು, ತಟ್ಟೆ ತೊಳೆದಿಟ್ಟಳು, ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಜಗನ್ನಾಥ ಪೆಟ್ಟಿಗೆಗಳನ್ನು ಕಾರಿಗೆ ಹೊರುತ್ತಿದ್ದಾಗ ಶೈಲಜಾಳ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅವ್ವಗೂ ಕಾಕಾಗೂ ಹೇಳೀನ್ರಿ, ಆಂಟಿ. ಇನ್ನ ಮ್ಯಾಲ ಅವ್ವಗ ಏನಾದ್ರೂ ಆದ್ರ ಸೀದಾ ನನಗ ಹೇಳ್ರಿ, ಆಂಟಿಗೆ ಫೋನ್ ಹಚ್ಚಬ್ಯಾಡ್ರಿ ಅಂತ."

ಶೈಲಜಾ ತಲೆಯಾಡಿಸಿದಳು. "ಒಳ್ಳೇದು ಮಾಡಿದೆ ಮಗು" ಅಂದಳು, ಮತ್ತು ತನ್ನ ಜೀವಮಾನದಲ್ಲಿ ಮೊದಲ ಸಲ, ಹೊರಟುನಿಂತವರ ಕೈಗೆ ಏನೊಂದನ್ನೂ ಕಟ್ಟಿಕೊಡದೆ ಬಾಗಿಲಲ್ಲಿ ನಿಂತಳು.