ಮುಂದಿನ ಖೋಲಿಯ ಅಕ್ಕಾರು

ಅಕ್ಕಾರ ಎಡಗಾಲಿನ ಹೆಬ್ಬೆರಳಿನ ಸುತ್ತ ನೂಲಿನಗಲದ ಒಂದು ಗೆರೆ ಆಳವಾಗಿ ಬಿದ್ದಿತ್ತು. ಕೆಲಸದಲ್ಲಿ ಎಳೆ ಬಿಗಿ ಹಿಡಿಯಲು ಸುತ್ತಿ ಸುತ್ತಿ ಆದ ಗುರುತು.

ಇಳಕಲ್ಲಿನಲ್ಲಿ ಸಾಲ ಮಾಡಿ ಮನೆ ಕಟ್ಟಿದ್ದೆವು. ಕಂತು ಭಾರವಾದಾಗ ಮುಂದಿನ ಖೋಲಿ ಬಾಡಿಗೆಗೆ ಕೊಡೋಣ ಎಂದವಳು ನಾನೇ. ಬಂದವರು ಕಮತಗಿಯ ಒಂಟಿ ಹೆಂಗಸು. ಅಕ್ಕಾರು ಎಂದೇ ಕರೆಯುತ್ತಿದ್ದೆವು.

ಅವರದು ಕೊಂಡಿ ಹಾಕುವ ಕೆಲಸ. ಸೆರಗಿನ ಕೆಂಪು ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಸಿಕ್ಕಿಸಿ ಕೂಡಿಸಬೇಕು. ಎದುರಿಗೊಬ್ಬರು ಕೂತು ಎಳೆ ಕೊಡಬೇಕು. ನೇಕಾರರ ಮನೆಯಲ್ಲಿ ಬೆಳೆದ ನನ್ನ ಅತ್ತೆ ವಾರ ತುಂಬುವುದರೊಳಗೆ ಅಲ್ಲಿ ಕೂತಿದ್ದರು. ನಾನೂ ಕೂಡ್ರಲೇ ಎಂದು ಕೇಳಿದೆ.

“ಇಂಗ್ಲಿಷ್ ಸಾಲಿ ಕಲ್ತ ಕೈಗೆ ಈ ಎಳಿ ಎಲ್ಲಿ ಸಿಗತಾವ, ಬಿಡವಾ,” ಎಂದರು ಅತ್ತೆ.

ಹತ್ತು ವರ್ಷದಲ್ಲಿ ಅವರು ನನ್ನೊಡನೆ ಆಡಿದ್ದು ಅಡಿಗೆಯ ಮಾತು ಮಾತ್ರ. ಆ ಖೋಲಿಯಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಚಹಾ ಒಯ್ದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಬಾಡಿಗೆ ಕೈಗೆ ಬಂದ ದಿನವೂ ನನಗೆ ಹೊಟ್ಟೆಯುರಿ.

ಒಂದು ಮಧ್ಯಾಹ್ನ ನಳದಲ್ಲಿ ನೀರು ಬಂತೆಂದು ಅಕ್ಕಾರು ಓಡಿದರು. ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು. ನಾನು ಮೆಲ್ಲಗೆ ಕೂತು, ಚಹಾ ಒಯ್ದಾಗ ಕಂಡಿದ್ದಂತೆ, ಬೇಕೆಂದೇ ಒಂದು ಕೆಂಪು ಎಳೆ ಬಿಟ್ಟು, ಅದರ ಮುಂದಿನದನ್ನು ಸಿಕ್ಕಿಸಿ ಎದ್ದುಬಂದೆ.

ಸಂಜೆಗೆ ಒಡಲಿನ ಒಂದು ಎಳೆ ಜೋಡಿಯಿಲ್ಲದೆ ಉಳಿಯಿತು. ಅತ್ತೆಯ ಮುಖ ಸಣ್ಣಗಾಯಿತು. ತಮ್ಮ ಕಣ್ಣು ಹೋದವು, ಇನ್ನು ಕೂಡ್ರುವುದಿಲ್ಲ ಎಂದುಬಿಟ್ಟರು. ಅಕ್ಕಾರು ಬೆರಳಾಡಿಸುತ್ತ ಹೋಗಿ ಒಂದು ಕೊಂಡಿಯ ಹತ್ತಿರ ನಿಂತರು. ಅದರ ತಿರುವು ಅವರಿಬ್ಬರ ಕೈಯದಲ್ಲ. ಬಾಗಿಲಲ್ಲಿದ್ದ ನನ್ನನ್ನು ನೋಡಿದರು.

“ನಂದ ತಪ್ಪ, ಆಯಿ. ನೀರಿನ ಗಡಿಬಿಡ್ಯಾಗ ಹಾಕೀನಿ,” ಎಂದರು ಅತ್ತೆಗೆ.

ಅಷ್ಟೂ ಬಿಚ್ಚಿ ಮತ್ತೆ ಹಾಕಿದರು. ಮರುದಿನ ನನ್ನನ್ನು ಕರೆದು ಎಳೆ ಕೈಗಿಟ್ಟರು.

“ವೈನಿ, ನೀವು ಹಾಕಿದ್ದ ಕೊಂಡಿ ಚಲೋ ಬಿಗಿ ಇತ್ತರಿ. ಜಾಗಾ ಅಷ್ಟ ತಪ್ಪಿತ್ತು.”

ಮುಖ ಎತ್ತಲಾಗದೆ ಕಲಿತೆ.

ಖೋಲಿ ಬಿಟ್ಟು ಹೋದ ಅಕ್ಕಾರು ಹೋದ ವರ್ಷ ತಮ್ಮನ ಮನೆಯಲ್ಲಿ ತೀರಿಕೊಂಡರು. ಖೋಲಿಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಅತ್ತೆ ಈಗ ಪಡಸಾಲೆಯಲ್ಲಿ ನನ್ನೆದುರು ಕೂತು ಎಳೆ ಕೊಡುತ್ತಾರೆ, ತವರಿನ ಸುದ್ದಿ ಹೇಳುತ್ತಾರೆ. ಅಂದು ತಪ್ಪು ಹಾಕಿದವಳು ನಾನೆಂದು ಅವರಿಗೆ ಇನ್ನೂ ಹೇಳಿಲ್ಲ. ನಾನು ತಡ ಮಾಡಿದರೆ, ಆಕಿ ಇದ್ದಿದ್ದರ ಇಷ್ಟೊತ್ತಿಗೆ ಮುಗಸ್ತಿದ್ಲು ಎನ್ನುತ್ತಾರೆ. ಈಗಲೂ ಒಳಗೆ ಚುರ್ ಎನ್ನುತ್ತದೆ. ತಲೆ ಬಗ್ಗಿಸಿ, ಮುಂದಿನ ಎಳೆಗೆ ಕೈ ಚಾಚುತ್ತೇನೆ.