ಬಾಲ ಹಿಡಿಯುವ ಯಂತ್ರ

ಬೆಳಿಗ್ಗೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಹಗ್ಗಕ್ಕೆ ಸಿಕ್ಕಿಸಿದ್ದ ಕ್ಲಿಪ್ಪೊಂದು ಚಟ್ಟನೆ ಹಾರಿ ಮೂಗಿಗೆ ಬಡಿಯಿತು. ಬೇರೆಯವರಾಗಿದ್ದರೆ ಕ್ಲಿಪ್ಪಿಗೆ ನಾಲ್ಕು ಮಾತು ಬೈದು ಕೆಳಗಿಳಿಯುತ್ತಿದ್ದರು. ನಾನು ಮೂಗು ಉಜ್ಜಿಕೊಳ್ಳುತ್ತ ಒಬ್ಬನೇ ನಗುತ್ತ ನಿಂತೆ. ಕ್ಲಿಪ್ಪು ಕಂಡರೆ ನನಗೆ ಕ್ಯಾಲನೂರಿನ ನಮ್ಮ ಚಿಕ್ಕಪ್ಪನ ನೆನಪಾಗುತ್ತದೆ.

ಅದಕ್ಕೆ ಮೊದಲು ನನ್ನದೊಂದು ಚಟದ ವಿಷಯ ಹೇಳಿಬಿಡುತ್ತೇನೆ. ಕೋಲಾರದಿಂದ ಮಾಲೂರಿನ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಜೊತೆಯವರೆಲ್ಲ ತೂಕಡಿಸುವಾಗ ನಾನು ಮೊಬೈಲಿನಲ್ಲಿ ವಿಚಿತ್ರ ಪೇಟೆಂಟುಗಳ ಬಗ್ಗೆ ಓದುತ್ತೇನೆ. ಎದುರಿಗೆ ಬಂದವರಿಗೆ ತಾನೇ ಮೇಲೆದ್ದು ವಂದಿಸುವ ಟೋಪಿ, ಸಾಕಿದ ಗಿಳಿಗೆ ಹಾಕುವ ಚಡ್ಡಿ, ನಾಯಿಯ ಬೆನ್ನಿಗೆ ಕಟ್ಟುವ ಕೊಡೆ. ಇವನ್ನೆಲ್ಲ ಯಾರೋ ಪುಣ್ಯಾತ್ಮರು ತಲೆ ಕೆಡಿಸಿಕೊಂಡು ಕಂಡುಹಿಡಿದು, ಇದು ನನ್ನದು, ಯಾರೂ ಮುಟ್ಟಕೂಡದು ಎಂದು ಸರ್ಕಾರದಿಂದ ಬರೆಸಿಕೊಂಡಿದ್ದಾರೆ. ಗಿಳಿಯ ಚಡ್ಡಿಯನ್ನು ಕದಿಯಲು ಯಾರು ಹೊಂಚು ಹಾಕಿದ್ದರೋ ನನಗಂತೂ ತಿಳಿಯದು. ಓದಿದ್ದನ್ನು ಊರಿಗೆ ಹೋದಾಗ ಚಿಕ್ಕಪ್ಪನ ಮುಂದೆ ಒದರುತ್ತಿದ್ದೆ. ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಚಿಕ್ಕಪ್ಪನಿಗೆ ಒಂದು ಸೀಮೆಹಸು. ಹಾಲು ಧಾರಾಳ, ಬುದ್ಧಿ ಮಾತ್ರ ಕಡಿಮೆ. ಕರೆಯಲು ಕೂತರೆ ಸಗಣಿ ಮೆತ್ತಿದ ಬಾಲದಿಂದ ಕೆನ್ನೆಗೆ ರಪ್ಪನೆ ಬಾರಿಸುತ್ತಿತ್ತು. ಬಾಲವನ್ನು ಕಾಲಿಗೆ ಕಟ್ಟಿದರೆ ಬಕೆಟ್ಟನ್ನೇ ಒದೆಯುತ್ತಿತ್ತು. ಹಾಗಾಗಿ ಪಕ್ಕದ ಮನೆಯ ಚೌಡಪ್ಪ ದಿನವೂ ಬೆಳಗಿನ ಜಾವ ಬಂದು ಬಾಲ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಚಿಕ್ಕಪ್ಪ ಹೋಗಿ ಚೌಡಪ್ಪನ ಹಸುವಿನ ಬಾಲ ಹಿಡಿಯುತ್ತಿದ್ದರು. ಚೌಡಪ್ಪನ ಹಸು ಪಾಪದ್ದು, ಬಾಲ ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಹಿಡಿಯುತ್ತಿದ್ದರು. ಟೊಮೆಟೊ ರೇಟು, ಬೀಗರ ಜಂಬ, ಮಂಡಿನೋವು, ಎಲ್ಲ ಮಾತೂ ಅಲ್ಲೇ ಮುಗಿದು, ಇಬ್ಬರೂ ಕ್ಯಾನು ಹಿಡಿದು ಒಟ್ಟಿಗೆ ಡೇರಿಗೆ ಹೋಗುತ್ತಿದ್ದರು.

ಒಮ್ಮೆ ಚೌಡಪ್ಪ ಮಗಳ ಬಾಣಂತನಕ್ಕೆಂದು ತಾಯಲೂರಿಗೆ ಹೋಗಿ ಕೆಲವು ದಿನ ಉಳಿದುಬಿಟ್ಟರು. ಇತ್ತ ಚಿಕ್ಕಪ್ಪ ಬಾಲದ ಏಟು ತಿಂದು ತಿಂದು ರೋಸಿಹೋದರು. ಕೊಟ್ಟಿಗೆಯ ತೊಲೆಗೆ ಸೈಕಲ್ಲಿನ ಬ್ರೇಕ್ ವೈರು ಕಟ್ಟಿ, ತುದಿಗೆ ಎರಡು ಮರದ ಪಟ್ಟಿ, ಒಳಗೆ ಟ್ಯೂಬಿನ ರಬ್ಬರು, ನಡುವೆ ಒಂದು ಸ್ಪ್ರಿಂಗು ಇಟ್ಟು ದೊಡ್ಡದೊಂದು ಕ್ಲಿಪ್ಪು ಮಾಡಿದರು. ಹಸುವಿಗೆ ನೋವಿಲ್ಲ, ಬಾಲ ಅಲ್ಲಾಡುವುದಿಲ್ಲ. ಕಾಲಿನಿಂದ ಪೆಡಲು ಒತ್ತಿದರೆ ಬಾಲಕ್ಕೆ ಬಿಡುಗಡೆ.

ನೋಡಿದವನೇ ನಾನು ಕುಣಿದಾಡಿಬಿಟ್ಟೆ. "ಚಿಕ್ಕಪ್ಪ, ಇದಕ್ಕೆ ಪೇಟೆಂಟ್ ತಗೋಬೇಕು. ಅಲ್ಲಿವರೆಗೂ ಯಾರಿಗೂ ತೋರಿಸ್ಬೇಡ, ಕದ್ದುಬಿಡ್ತಾರೆ."

ಅಷ್ಟು ಸಾಕಾಯಿತು. ಕೊಟ್ಟಿಗೆಗೆ ಬಾಗಿಲು ಬಂತು, ಬಾಗಿಲಿಗೆ ಚಿಲಕ ಬಂತು. ತಾಯಲೂರಿನಿಂದ ವಾಪಸು ಬಂದ ಚೌಡಪ್ಪ ಎಂದಿನಂತೆ ಬೆಳಗಿನ ಜಾವ ಬಂದು ಕದ ತಟ್ಟಿದರೆ ಒಳಗಿನಿಂದಲೇ ಉತ್ತರ: "ಹಸು ಬೆದರ್ತೈತೆ, ಈಗ ಬರ್ಬೇಡ ಕಣೋ." ಎರಡು ಮೂರು ದಿನ ತಟ್ಟಿ ಚೌಡಪ್ಪ ನಿಲ್ಲಿಸಿದರು. ಡೇರಿಗೆ ಒಬ್ಬೊಬ್ಬರೇ ಹೋಗತೊಡಗಿದರು. ಚಿಕ್ಕಮ್ಮ ನನಗೆ ಫೋನಿನಲ್ಲಿ, "ಈ ಮನುಷ್ಯ ಗೋಡೆ ಜೊತೆ ಮಾತಾಡ್ತಾ ಹಾಲು ಕರೀತಾನೆ, ನೀನೇ ಏನಾದ್ರೂ ಮಾಡಪ್ಪ" ಎಂದು ಅತ್ತರು. ತಪ್ಪು ನನ್ನದೇ ಎಂದು ಗೊತ್ತಿತ್ತು. ಆದರೂ ಪೇಟೆಂಟಿನ ಆಸೆ ಬಿಡಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆವತ್ತು ಕುಡುಗೋಲಿನಿಂದ ಹಿಡಿದು ಮಿಕ್ಸಿಯವರೆಗೆ ಕುಂಕುಮವಿಲ್ಲದ ವಸ್ತು ಇರುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಸ್ಟೇಪ್ಲರಿಗೂ ಹೂವು ಮುಡಿಸುತ್ತಾರೆ. ನಾನು ಆವತ್ತು ಅಲ್ಲೇ ಇದ್ದೆ, ಊರಿನಲ್ಲಿ ನಡೆದದ್ದು ತೀರ ಆಮೇಲೆ ಕೇಳಿದ್ದು. ಹಾಗಿರುವಾಗ ತಾನೇ ಹುಟ್ಟಿಸಿದ ಯಂತ್ರವನ್ನು ಪೂಜೆಯಿಲ್ಲದೆ ಕತ್ತಲಲ್ಲಿ ಕೂರಿಸಲು ಚಿಕ್ಕಪ್ಪನಿಗೆ ಮನಸ್ಸು ಬರುತ್ತದೆಯೇ? ಯಂತ್ರ ಬಿಚ್ಚಿ ಅಂಗಳಕ್ಕೆ ತಂದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದರು. ಕಡ್ಲೆಪುರಿಗೆ ಬಂದ ಊರಿನವರು ಇದೇನು ಎಂದು ಕೇಳಿದ್ದಕ್ಕೆ, ಯಂತ್ರವನ್ನು ಅಂಗಳದ ಮರಕ್ಕೆ ಕಟ್ಟಿ, ಹಸುವನ್ನೇ ಹೊರಗೆ ತಂದು, ಬಾಲ ಸಿಕ್ಕಿಸಿ, ಪೆಡಲು ಒತ್ತಿ ತೋರಿಸಿದರು. ಜನ ವೀಡಿಯೊ ಮಾಡಿಕೊಂಡರು. ಹಿಂದೆ ನಿಂತಿದ್ದ ಚೌಡಪ್ಪ ಮಾತ್ರ ತಮ್ಮ ಮನೆಮಾತು ತೆಲುಗಿನಲ್ಲಿ, "ನಾ ಚೇತಿಕಿ ಬದಲು ಇದೇನಾ?" ಎಂದರು. ನನ್ನ ಕೈಗೆ ಬದಲು ಇದೇನಾ ಎಂದು. ಪುರಿಯನ್ನು ಟವೆಲಿಗೆ ಕಟ್ಟಿಕೊಂಡು ಹೊರಟುಹೋದರು.

ಹಬ್ಬ ಮುಗಿದ ಮೇಲೆ ಚಿಕ್ಕಪ್ಪನನ್ನು ಬೆಂಗಳೂರಿನ ಪೇಟೆಂಟ್ ವಕೀಲೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಆಕೆ ಎಲ್ಲ ಕೇಳಿ ಮೆಚ್ಚಿಕೊಂಡರು. ಆಮೇಲೆ, "ಇದನ್ನ ಯಾರಿಗಾದ್ರೂ ತೋರಿಸಿದೀರಾ?" ಎಂದರು.

"ಛೇ, ಇಲ್ಲಮ್ಮ. ಪೂಜೆ ಮಾಡ್ದೆ, ಅಷ್ಟೆ."

"ಪೂಜೆಗೆ ಯಾರು ಬಂದಿದ್ರು?"

"ಊರೇ ಬಂದಿತ್ತು!" ಎಂದರು ಚಿಕ್ಕಪ್ಪ, ಹೆಮ್ಮೆಯಿಂದ.

ಆಕೆ ಪೆನ್ನು ಕೆಳಗಿಟ್ಟರು. ಅರ್ಜಿ ಹಾಕುವ ಮೊದಲೇ ಹತ್ತು ಜನರ ಮುಂದೆ ನಡೆಸಿ ತೋರಿಸಿದ್ದು ಹೊಸದು ಅನ್ನಿಸಿಕೊಳ್ಳುವುದಿಲ್ಲವಂತೆ, ಪೇಟೆಂಟ್ ಸಿಗುವುದು ಕಷ್ಟವಂತೆ. ನನ್ನ ಮುಖ ಬಾಡಿತು. ಇಬ್ಬರೂ ಊರಿನ ಬಸ್ ಹತ್ತಿದೆವು. ಹೊಸಕೋಟೆ ದಾಟಿದ ಮೇಲೆ ಚಿಕ್ಕಪ್ಪ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹಂಗಾದ್ರೆ ಇನ್ಮೇಲೆ ಕೊಟ್ಟಿಗೆ ಬಾಗಿಲು ಹಾಕೋದು ಬ್ಯಾಡ, ಅಲ್ವೇನೋ?"

ಬೇಡ ಎಂದೆ. ಅವರು ಸೀಟಿಗೆ ಒರಗಿ ಉಸಿರು ಬಿಟ್ಟ ರೀತಿ ನೋಡಿ ನನಗೂ ಎದೆ ಹಗುರಾಯಿತು. ಸದ್ಯ, ಪೀಡೆ ತೊಲಗಿತು ಅನ್ನಿಸಿತು.

ಊರಿಗೆ ಬಂದವರೇ ಮನೆಗೂ ಹೋಗದೆ ಚೌಡಪ್ಪನ ಜಗಲಿಗೆ ಹೋದರು. "ಬಾರೋ, ನಾಳೆಯಿಂದ ಬಾಲ ಹಿಡ್ಕೋ ಬಾ."

"ಮಿಷನ್ ಐತಲ್ಲ, ಅದನ್ನೇ ಕರ್ಕೋ."

"ಅದು ಮಾತಾಡಲ್ಲ ಕಣೋ" ಎಂದರು ಚಿಕ್ಕಪ್ಪ.

ಚೌಡಪ್ಪ ಎರಡು ಲೋಟ ಕಾಫಿ ತರುವಂತೆ ಒಳಗೆ ಕೂಗಿದರು.

ಈಗ ಕ್ಯಾಲನೂರಿನ ಎಷ್ಟೋ ಕೊಟ್ಟಿಗೆಗಳಲ್ಲಿ ಆ ಕ್ಲಿಪ್ಪು ಇದೆ. ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತವೆ, ಚಿಕ್ಕಪ್ಪನದೊಂದು ಬಿಟ್ಟು. ಅದರ ಸ್ಪ್ರಿಂಗು ಸಡಿಲವಾಗಿ ಬಾಲ ಜಾರುತ್ತದೆ, ಯಾರಾದರೂ ಕ್ಲಿಪ್ಪು ಹಿಡಿದು ನಿಲ್ಲಲೇಬೇಕು. ಚೌಡಪ್ಪ ನಿಲ್ಲುತ್ತಾರೆ. ಚಿಕ್ಕಮ್ಮ ಮಾತ್ರ, "ಕೋಲಾರದಿಂದ ಒಂದು ಸ್ಪ್ರಿಂಗ್ ತಂದ್ಕೊಡಪ್ಪ, ಇವರಿಬ್ಬರ ಮಾತಲ್ಲಿ ಡೇರಿ ಟೈಮೇ ಆಗೋಗ್ತದೆ" ಎನ್ನುತ್ತಾರೆ. ಇವತ್ತು ಊರಿಗೆ ಹೊರಟಿದ್ದೇನೆ. ದಾರಿಯಲ್ಲೇ ಹಾರ್ಡ್‌ವೇರ್ ಅಂಗಡಿ ಇದೆ, ತೆರೆದೂ ಇರುತ್ತದೆ. ಮುಚ್ಚಿತ್ತು ಎಂದು ಚಿಕ್ಕಮ್ಮನಿಗೆ ಹೇಳುವುದೆಂದು ಈಗಲೇ ತೀರ್ಮಾನಿಸಿಕೊಂಡಿದ್ದೇನೆ.