ದೇವಮಾತೆಯನ್ನು ತಿದ್ದಿದವರು

ನಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುವ ಹಿರಿಯರಿಗೆ ನಾವಿಟ್ಟ ಹೆಸರು ‘ಒತ್ತಕ್ಷರ’. ಅಕ್ಷರ ಜೋಡಿಸುವ ನನ್ನ ಕಾಗುಣಿತಕ್ಕೂ ಸಂಬಳ ಸಿಗುತ್ತಿರುವುದು ಅವರ ಕೃಪೆಯಿಂದ. ಚಹಾ ಅಂಗಡಿಯ ಬೋರ್ಡನ್ನೋ ನನ್ನ ರಜಾ ಅರ್ಜಿಯನ್ನೋ ತಿದ್ದದೆ ಅವರಿಗೆ ಊಟ ಸೇರದು. ಹುಟ್ಟಿದ್ದು ಕ್ಯಾಥೊಲಿಕ್ ಮನೆಯಲ್ಲಿ; ಮದುವೆಯಾದ ಮೇಲೆ, ಯೇಸುವಿನ ತಾಯಿ ಮರಿಯಳಿಗೆ ಪ್ರಾರ್ಥಿಸದ, ಹೆಂಡತಿಯ ಪ್ರೊಟೆಸ್ಟೆಂಟ್ ಸಭೆ ಸೇರಿದವರು. ಶ್ರದ್ಧಾಂಜಲಿ ಕಾರ್ಡಿನಲ್ಲಿ ‘ದೇವಮಾತೆ’ ಎಂದು ಕಂಡರೆ ಸಾಕು, ಹೊಡೆದುಹಾಕಿ ‘ಯೇಸುವಿನ ತಾಯಿ’ ಎಂದು ಬರೆಯುತ್ತಾರೆ. “ಯೇಸು ದೇವರಾದ್ರೆ ಹೆತ್ತೋಳು ದೇವರ ತಾಯಿ ಅಲ್ವೇನ್ರೀ?” ಎಂದು ಗಿರಾಕಿಗಳು ರೇಗಿದರೆ, “ಆದಿಯೇ ಇಲ್ಲದ ದೇವರಿಗೆ ತಾಯಿ ಎಲ್ಲಿಂದ ಬಂದ್ಲು ಸ್ವಾಮಿ?” ಎನ್ನುತ್ತಾರೆ. ಹಿರಿಯರು ಅತ್ತ ಹೋದ ಮೇಲೆ ಗುಟ್ಟಾಗಿ ಮೊದಲಿದ್ದಂತೆಯೇ ಅಚ್ಚು ಹಾಕುವ ವೀರ ನಾನು. ಹೋದ ವಾರ ಅವರ ತಾಯಿಯೇ ತೀರಿಕೊಂಡರು. ಕಾರ್ಡಿನ ಒಕ್ಕಣೆಯನ್ನು ಅವರೇ ಬರೆದು ತಂದರು: ‘ದೇವಮಾತೆಯೇ, ನಮ್ಮಮ್ಮನಿಗಾಗಿ ಪ್ರಾರ್ಥಿಸು.’ ತಿಳಿಗೇಡಿ ನಾನು, ಹಲ್ಲುಕಿರಿದು, “ಇದನ್ನ ತಿದ್ದಲ್ವಾ ಸಾರ್?” ಎಂದೆ. “ಅಮ್ಮನ ಬಾಯಲ್ಲಿರೋವಾಗಲೇ ತಿದ್ದಿದೀನಪ್ಪಾ,” ಎಂದರು. “ಆಸ್ಪತ್ರೇಲಿ ಕಣ್ಣು ಮುಚ್ಕೊಂಡು ‘ದೇವಮಾತೆಯೇ, ನಮಗಾಗಿ ಪ್ರಾರ್ಥಿಸು’ ಅಂತ ಹೇಳ್ತಿದ್ಲು. ‘ದೇವಮಾತೆ ಅಲ್ಲಮ್ಮ, ಯೇಸುವಿನ ತಾಯಿ ಅನ್ನು’ ಅಂದೆ. ಆಯ್ತು ಅನ್ನೋ ಹಾಗೆ ತಲೆ ಆಡಿಸಿ, ಪ್ರಾರ್ಥನೇನ ಅರ್ಧಕ್ಕೇ ನಿಲ್ಲಿಸಿದ್ಲು. ಆಮೇಲೆ ಮಾತೇ ಆಡ್ಲಿಲ್ಲ.”